ಹೊಂಡದ ದಡದಲ್ಲಿ ಜಿಂಕೆಗೆ ಕಾದದ್ದು

ಬೇಟೆಗಾರನಿಗೆ ಕೋವಿಗಿಂತ ತಾಳ್ಮೆ ಮುಖ್ಯ. ಹೀಗೆ ಹೇಳುವವರೆಲ್ಲ ಬರಿಗೈಲಿ ಮನೆಗೆ ಬಂದವರೇ.

ನಾನು ಕೋವಿ ಬಿಟ್ಟು ಮೂವತ್ತು ವರ್ಷವಾದರೂ ಶಪಥ ಮಾಡುವುದನ್ನು ಬಿಟ್ಟಿಲ್ಲ. ಒಮಾನಿನ ಜಿಂಕೆಯನ್ನು ನೋಡದೆ ಏಳುವುದಿಲ್ಲವೆಂದು ಜೊತೆಗೆ ಬಂದಿದ್ದ ಹೆಂಡತಿಗೆ ಸಾರಿ, ಅಲ್ಲಿನ ಇಬ್ರಾ ಪಟ್ಟಣದಾಚೆಯ ಒಂದು ನೀರಿನ ಹೊಂಡದೆದುರು ದುರ್ಬೀನು ಹಿಡಿದು ಕೂತೆ. ಊರಲ್ಲಿ ನಮ್ಮ ಕಡವೆ, ಚುಕ್ಕೆ ಜಿಂಕೆಗಳು ನೀರಿಗೆ ಬಂದೇ ಬರುತ್ತವೆ.

ಎರಡು ತಾಸಾದ ಮೇಲೆ ಚಾಲಕ ಸಾಲಿಂ ಬಂದು ಹಿಂದಿಯಲ್ಲಿ ಕೇಳಿದ: "ಬಾಯಾರಿತೇ, ಚಾಚಾ?"

"ನನಗಲ್ಲಪ್ಪ, ಜಿಂಕೆಗೆ ಆಗಬೇಕು."

"ನಮ್ಮ ಜಿಂಕೆಗೆ ಎಲೆಯೊಳಗಿನ ನೀರೇ ಸಾಕು. ಈ ಹೊಂಡಕ್ಕೆ ಬರುವುದು ಆಡುಗಳು."

"ಮೊದಲೇ ಹೇಳಬಾರದಿತ್ತೇ?"

"ನಾನು ಹಳೇ ಬೇಟೆಗಾರ, ನೀನು ಸುಮ್ಮನಿರು ಅಂದಿರಲ್ಲ!"

ಅಷ್ಟರಲ್ಲಿ ನಮ್ಮ ಕಾರಿನ ಹಿಂದಿನ ಜಾಲಿಮರದಡಿ ಜಿಂಕೆಯೊಂದು ಅರ್ಧ ತಾಸು ಮೇಯ್ದು ಹೋಗಿತ್ತು. ಹೆಂಡತಿ ಕಾರಲ್ಲೇ ಕೂತು ನೋಡಿದ್ದಳು.