ಅರಿಶಿಣ ಕುಡಿದ ಕಂಪ್ಯೂಟರ್

ನಾಚಿಕೆಯಾದಾಗ ನನಗೆ ಮೊದಲು ಬಿಸಿಯಾಗುವುದು ಕಿವಿ. ಮುಖದ ಸರದಿ ಆಮೇಲೆ. ಹರೆಯದಲ್ಲಿ ಇದೊಂದು ದೊಡ್ಡ ಸಂಕಟವಾಗಿತ್ತು. ಈಗ ಕಿವಿ ಕೇಳಿಸುವುದೇ ಅಷ್ಟಕ್ಕಷ್ಟೆ. ಬಿಸಿಯಾದರೆ, ಪರವಾಗಿಲ್ಲ, ಇನ್ನೂ ಒಂದು ಕೆಲಸಕ್ಕಾದರೂ ಇವೆಯಲ್ಲ ಅಂದುಕೊಳ್ಳುತ್ತೇನೆ. ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ನಮಗೆ ಫಿಸಿಯಾಲಜಿ ಹೇಳಿಕೊಡುತ್ತಿದ್ದ ಸಿಸ್ಟರ್ ಒಬ್ಬರ ಪ್ರಕಾರ, ಬ್ಲಶ್ ಮಾಡುವುದೆಂದರೆ ರಕ್ತ ಚರ್ಮದ ಹತ್ತಿರ ಬಂದು ಒಳಗಿನ ಕಾವನ್ನು ಹೊರಗೆ ಬಿಡುವುದು, ದೇವರ ಅರೇಂಜ್‌ಮೆಂಟು. ಅಂದರೆ ನಾಚುವ ಮನುಷ್ಯ ತನ್ನ ರೇಡಿಯೇಟರನ್ನು ಮುಖದ ಮೇಲೆ ಹೊತ್ತುಕೊಂಡೇ ತಿರುಗುತ್ತಾನೆ. ಲಾರಿಗೂ ಅದು ಇರುವುದು ಮುಖದಲ್ಲೇ ತಾನೆ. ಕಂಪ್ಯೂಟರಿಗೆ ಮಾತ್ರ ದೇವರೂ ಕೊಡಲಿಲ್ಲ, ಕಂಪನಿಯವರೂ ಕೊಡಲಿಲ್ಲ. ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು.

ತೊಂಬತ್ತರ ದಶಕದ ಕೊನೆಯ ಮಾತಿದು. ನಮ್ಮವರು ಕಾಲುವೆ ಆಫೀಸಿನಲ್ಲಿದ್ದರು. ಅವರು ತೀರಿಕೊಂಡ ಮೇಲೆ ನಾನು ಸಿಂಧನೂರಿನಲ್ಲೇ ಉಳಿದು, ಮನೆಯ ಮುಂದಿನ ಕೋಣೆಯಲ್ಲಿ ಒಂದು ಡಿಟಿಪಿ ಸೆಂಟರ್ ಇಟ್ಟೆ. ಲಗ್ನಪತ್ರಿಕೆ, ಗೊಬ್ಬರದಂಗಡಿಯ ಬಿಲ್ ಬುಕ್ಕು, ಬೆಳಗಿನ ಹೊತ್ತು ನಾಲ್ಕಾರು ಹುಡುಗಿಯರಿಗೆ ಕಂಪ್ಯೂಟರ್ ಪಾಠ. ಲಗ್ನದ ಸೀಸನ್ನು ಬರುವುದು ಬೇಸಿಗೆಯಲ್ಲಿ. ನಮ್ಮ ಕಡೆಯ ಬೇಸಿಗೆಯಲ್ಲಿ ಕಾಗೆಯೂ ಮಧ್ಯಾಹ್ನ ಕೂಗುವುದಿಲ್ಲ. ‘ಚಿ. ಸೌ.’ ಎಂದು ಟೈಪ್ ಮಾಡಿ ಮದುಮಗಳ ಹೆಸರಿಗೆ ಬರುವಷ್ಟರಲ್ಲಿ ಕಂಪ್ಯೂಟರು ಕಾದು ಸ್ಕ್ರೀನು ಕಪ್ಪಾಗಿರುತ್ತಿತ್ತು. ರಾಯಚೂರಿನಿಂದ ಬಂದ ರಿಪೇರಿಯವನು ಏಸಿ ಹಾಕಿಸಿ ಎಂದು ಹೇಳಿ ಚಹಾ ಕುಡಿದು ಹೋದ.

ಆಗಲೇ ಒಂದು ಇಂಗ್ಲಿಷ್ ಮ್ಯಾಗಜೀನಿನಲ್ಲಿ, ಯಾವುದೋ ಚಳಿದೇಶದ ಪುಣ್ಯಾತ್ಮ ತನ್ನ ಕಂಪ್ಯೂಟರಿಗೆ ನೀರು ಹಾಯಿಸಿ ತಂಪು ಮಾಡಿದ ಕತೆ ಓದಿದೆ. ಕಾಯುವ ಚಿಪ್ಪಿನ ಮೇಲೆ ಕೂರಿಸಲು ಒಂದು ತಾಮ್ರದ ತುಂಡು, ಒಂದು ಪಂಪು, ಒಂದು ರೇಡಿಯೇಟರು, ಆಮೇಲೆ ‘ರೂಮ್ ಟೆಂಪರೇಚರಿನ’ ನೀರು. ಅವನ ರೂಮೇ ಬೇರೆ, ನನ್ನ ರೂಮೇ ಬೇರೆ ಎಂಬುದು ಹೊಳೆಯಲಿಲ್ಲ. ಇಂಗ್ಲಿಷಿನಲ್ಲಿ ಅಚ್ಚಾದದ್ದನ್ನೆಲ್ಲ ನಂಬುವ ಜಾಯಮಾನ ನನ್ನದು.

ಮಸ್ಕಿ ರಸ್ತೆಯಲ್ಲಿ ಲಾರಿ, ಟ್ರ್ಯಾಕ್ಟರುಗಳ ರೇಡಿಯೇಟರ್ ಬೆಸೆಯುವ ಮಹಬೂಬನ ಅಂಗಡಿಯಿತ್ತು. ಅಲ್ಲಿ ಅದರ ಹೆಸರು ‘ರೇಡ್ವಾಟರ್’. ನಾನು ಕಾನ್ವೆಂಟಿನ ಉಚ್ಚಾರದಲ್ಲಿ ಕೇಳಿದ್ದಕ್ಕೆ ಅವನಿಗೆ ಅರ್ಥವಾಗಲಿಲ್ಲ. ಎರಡನೆಯ ಸಲ ನಾನೂ ರೇಡ್ವಾಟರ್ ಎಂದೆ.

“ಯಾವ ಗಾಡೀದ್ರಿ ಅಕ್ಕೋರ?”

“ಗಾಡೀದಲ್ಲ, ಕಂಪ್ಯೂಟರಿಂದು.”

ಅವನು ಕೈಯಲ್ಲಿದ್ದ ಬೆಸುಗೆಯ ಕಾವಿಯನ್ನು ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಅದರಾಗ ಎಷ್ಟು ಮಂದಿ ಕೂಡ್ತಾರ್ರಿ?”

ಅಂಗಡಿಯಲ್ಲಿದ್ದ ಡ್ರೈವರುಗಳೆಲ್ಲ ನಕ್ಕರು. ನನ್ನ ಕಿವಿ ತಮ್ಮ ಕೆಲಸ ಶುರು ಮಾಡಿದವು. ಆದರೆ ಮಹಬೂಬ ಸವಾಲಿಗೆ ಬಿದ್ದ. ಭತ್ತ ಕೊಯ್ಯುವ ಮಿಷನ್ನನ್ನೇ ತಣ್ಣಗೆ ಮಾಡೀನಿ, ಇದ್ಯಾವ ಲೆಕ್ಕ ಎಂದ. ತಾಮ್ರದ ಸಣ್ಣ ನಳಿಗೆಯನ್ನು ಹಾವಿನ ಹಾಗೆ ಮಡಿಚಿ, ಎಣ್ಣೆ ಡಬ್ಬಿಯ ತಗಡನ್ನು ಪಟ್ಟಿ ಪಟ್ಟಿ ಕತ್ತರಿಸಿ ಬೆಸೆದ. ಒಂದು ಪಟ್ಟಿಯ ಮೇಲೆ ಅರ್ಧ ಸೂರ್ಯಕಾಂತಿ ಹೂವು ಹಾಗೇ ಉಳಿದಿತ್ತು. ಒಡೆದ ಹಂಡೆಯ ತಳದಿಂದ ತಾಮ್ರದ ತುಂಡು ಬಂತು. ಪಂಪು ಹಳೇ ಕೂಲರಿನದು. ಪೈಪು, ಗೌಂಡಿಗಳು ಗೋಡೆಯ ಮಟ್ಟ ನೋಡುವ ಪಾರದರ್ಶಕ ಪೈಪು. ಕಿಟಕಿಯ ಕಟ್ಟೆಯ ಮೇಲೆ ರೇಡಿಯೇಟರು, ಅದರ ಹಿಂದೆ ಟೇಬಲ್ ಫ್ಯಾನು.

ಕೆಲಸ ಮಾಡಿತು, ಸುಳ್ಳೇಕೆ ಹೇಳಲಿ. ಕಂಪ್ಯೂಟರು ಸಂಜೆಯವರೆಗೆ ಕಣ್ಣು ಬಿಟ್ಟುಕೊಂಡೇ ಇತ್ತು. ಆದರೆ ಅದರ ಸದ್ದು ಮಾತ್ರ ಮರ್ಯಾದಸ್ಥರು ಕೇಳುವಂಥದ್ದಲ್ಲ. ಹೊಟ್ಟೆ ಕೆಟ್ಟವರು ಸಭೆಯಲ್ಲಿ ಕೂತ ಹಾಗೆ ಗುಳುಗುಳು. ಗಿರಾಕಿಗಳು ಮೊದಲು ಅದನ್ನು ನೋಡುತ್ತಿದ್ದರು, ಆಮೇಲೆ ನನ್ನನ್ನು. “ಎಕ್ಸ್‌ಕ್ಯೂಸ್ ಮಿ” ಎಂದು ಕಂಪ್ಯೂಟರಿನ ಪರವಾಗಿ ನಾನೇ ಹೇಳಿದ್ದೂ ಉಂಟು. ಬಳಗಾನೂರಿನಿಂದ ಬಂದವರು ಬಸ್ಸಿಗೆ ಟೈಮಿದೆ ಎಂದು ನೋಡಲು ಬಂದರು. ‘ರೇಡ್ವಾಟರ್ ಅಕ್ಕೋರು’ ಎಂಬ ಹೆಸರು ಹುಟ್ಟಿ, ನನಗಿಂತ ಮೊದಲೇ ಲಿಂಗಸುಗೂರು ಮುಟ್ಟಿತು.

ಅಲ್ಲಿ ನಮ್ಮ ಸಂಬಂಧಿಕರ ಮನೆಯಲ್ಲಿ ತೊಟ್ಟಿಲ ಕಾರ್ಯ. ಆರತಿಯ ಹೊತ್ತಿಗೆ ನಾನು ಎಂದಿನಂತೆ ಹಿಂದೆ ಸರಿದು ಗೋಡೆಗೆ ಕೂತಿದ್ದೆ. ಗಂಡ ಹೋದವರು ಅರಿಶಿಣ ಕುಂಕುಮದ ತಟ್ಟೆಯಿಂದ ದೂರವಿರಬೇಕೆಂಬುದು ಯಾರೂ ಬಾಯಿಬಿಟ್ಟು ಹೇಳದ ರೂಲು. ಇಂಗ್ಲಿಷಿನಲ್ಲಿ ನಾನು ಇದನ್ನೆಲ್ಲ ನಂಬುವುದಿಲ್ಲ. ಕನ್ನಡದಲ್ಲಿ ಮಾತ್ರ ಎದ್ದು ಹಿಂದೆ ಹೋಗಿ ಕೂರುತ್ತೇನೆ. ಪಕ್ಕದಲ್ಲಿದ್ದ, ಪರಿಚಯವೇ ಇಲ್ಲದ ಹೆಂಗಸು ಬಗ್ಗಿ ಕೇಳಿದಳು: “ನಿಮ್ಮ ಕಂಪ್ಯೂಟರು ದಿನಕ್ಕ ಎಷ್ಟು ಕೊಡ ಕುಡಿತೈತ್ರಿ?” ಹಿಂದೆ ಕೂತ ನಾಚಿಕೆ ಒಂದು, ಮುಂದೆ ಬಂದ ಹೆಸರಿನ ನಾಚಿಕೆ ಇನ್ನೊಂದು. ಅವತ್ತು ನನ್ನ ಕಿವಿಯ ಮೇಲೆ ರೊಟ್ಟಿ ಬೇಯಿಸಬಹುದಿತ್ತು.

ಇಷ್ಟಕ್ಕೆ ಮುಗಿಯಲಿಲ್ಲ. ರೇಡಿಯೇಟರು ಸೋರತೊಡಗಿತು. ಮಹಬೂಬ ಬಂದು ನೋಡಿ, “ಫಿಕರ್ ಮಾಡಬ್ಯಾಡ್ರಿ, ಒಂದು ಚಮಚ ಅರಿಶಿಣ ಪುಡಿ ಹಾಕ್ರಿ. ಲಾರಿಯವರು ಹಂಗ ಮಾಡ್ತಾರ. ತೂತು ಹುಡುಕ್ಕೊಂಡು ಹೋಗಿ ಕೂಡ್ತದ ಅದು” ಎಂದ. ಹಾಕಿದೆ. ನಿಜಕ್ಕೂ ಸೋರುವುದು ನಿಂತಿತು. ಆದರೆ ಪಾರದರ್ಶಕ ಪೈಪಿನ ತುಂಬ ಹಳದಿ ನೀರು ಓಡಾಡತೊಡಗಿ, ಎದುರುಮನೆಯಾಕೆ “ಕಂಪ್ಯೂಟರಿಗೆ ಲಗ್ನ ಗೊತ್ತಾತೇನ್ರಿ? ಸುರಗಿ ನೀರು ಹಾಕಾಕತ್ತೀರಿ” ಎಂದು, ಮದುಮಕ್ಕಳಿಗೆ ಎರೆಯುವ ಅರಿಶಿಣದ ನೀರಿಗೇ ಅದನ್ನು ಹೋಲಿಸಿದಳು. ನನ್ನ ಮನೆಗೆ ಅಷ್ಟು ವರ್ಷದ ಮೇಲೆ ಅರಿಶಿಣ ಅಡುಗೆಮನೆ ದಾಟಿ ಮುಂದಿನ ಕೋಣೆಗೆ ಬಂದದ್ದು ಈ ರೀತಿ.

ಮಹಬೂಬನಿಗೆ ತಿಳಿಯದ ಒಂದು ಸಂಗತಿಯಿತ್ತು. ಲಾರಿಯ ನಳಿಗೆ ದಪ್ಪ, ನನ್ನದು ಸಣ್ಣದು. ಅರಿಶಿಣ ತೂತನ್ನು ಮುಚ್ಚಿದ ಮೇಲೆ ಸುಮ್ಮನೆ ಕೂರದೆ ನಳಿಗೆಯನ್ನೂ ಮುಚ್ಚಿತು. ಒಂದು ಮಧ್ಯಾಹ್ನ ಪೈಪು ಟಪ್ಪೆಂದು ಕಿತ್ತುಕೊಂಡಿತು. ಕಂಪ್ಯೂಟರಿಗೆ ಏನೂ ಆಗಲಿಲ್ಲ. ಹಳದಿ ನೀರು ಹೋಗಿ ಬಿದ್ದದ್ದು ಕಿಟಕಿಯ ಕೆಳಗೆ, ಆಗಷ್ಟೇ ಪ್ರೆಸ್ಸಿನಿಂದ ಬಂದಿದ್ದ ಲಗ್ನಪತ್ರಿಕೆಯ ಕಟ್ಟುಗಳ ಮೇಲೆ.

ಅವು ತುರ್ವಿಹಾಳದ ಹುಲಿಗೆಮ್ಮನ ಮಗಳ ಮದುವೆಯವು. ಹುಲಿಗೆಮ್ಮ ಭತ್ತ ನಾಟಿಯ ಗುಂಪಿನ ಯಜಮಾನಿ. ಗಂಡನ್ನು ಮಸ್ಕಿಯಲ್ಲಿ ಗೊತ್ತು ಮಾಡಿದ್ದಳು. ಅದೇ ಸಂಜೆ ಪತ್ರಿಕೆ ಒಯ್ದು ಬೀಗರಿಗೆ ಕೊಡಬೇಕಿತ್ತು; ಹೊಸದಾಗಿ ಅಚ್ಚು ಹಾಕಿಸಲು ಹೊತ್ತಿರಲಿಲ್ಲ. ಕಟ್ಟು ಬಿಚ್ಚಿ ನೋಡಿದೆ. ಬಿಗಿಯಾಗಿ ಕಟ್ಟಿದ್ದರಿಂದ ಅಕ್ಷರಕ್ಕೆ ನೀರು ತಾಗಿರಲಿಲ್ಲ. ಅರ್ಧದಷ್ಟು ಪತ್ರಿಕೆಗಳ ಮೂಲೆ ಮಾತ್ರ ಹಳದಿ ಹೀರಿಕೊಂಡಿತ್ತು. ಲಗ್ನಪತ್ರಿಕೆಯ ಮೂಲೆಗೆ ಅರಿಶಿಣ ಹಚ್ಚುವುದು ಎಲ್ಲರ ಪದ್ಧತಿಯೇ. ಮುತ್ತೈದೆಯರು ಹಚ್ಚುತ್ತಾರೆ, ಅಷ್ಟೇ. ನಾನು ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸುಮ್ಮನಿರಲು ಹೊರಟವಳಿಗೆ, ನಾಳೆ ಆ ಹುಡುಗಿಗೆ ನೆಗಡಿ ಬಂದರೂ ನನ್ನ ಮನೆಯ ಅರಿಶಿಣವೇ ಕಾರಣವೆಂದು ನಾನೇ ಅಂದುಕೊಳ್ಳುವೆನಲ್ಲ ಎಂದು ಭಯವಾಯಿತು. ಷೇಕ್ಸ್‌ಪಿಯರ್ ಬಾಯಿಪಾಠ ಬರುವ ನನಗೆ ಇಂಥ ಭಯ ಬಂದದ್ದು ಇನ್ನೊಂದು ನಾಚಿಕೆ.

ಹುಲಿಗೆಮ್ಮ ಬಂದಳು. ನಾನು ಪೈಪಿನಿಂದ ಶುರು ಮಾಡಿ ಎಲ್ಲ ಹೇಳಿದೆ. ಕೊನೆಗೆ, “ಬೇಕಂದ್ರ ಬೀಗರಿಗೆ ನಾನೇ ಬಂದು ತಡ ಆಯ್ತು ಅಂತ ಹೇಳ್ತೀನಿ, ಹುಲಿಗೆಮ್ಮ. ಬೇರೆ ಮಾಡಿಸಿ ಕೊಡ್ತೀನಿ. ನನ್ನ ಮನೆ ಅರಿಶಿಣ...” ಎಂದು ಅಲ್ಲಿಗೇ ನಿಂತೆ.

ಅವಳು ಒಂದು ಪತ್ರಿಕೆ ತೆಗೆದು ಬೆಳಕಿಗೆ ಹಿಡಿದಳು. ಮಗಳ ಹೆಸರಿನ ಮೇಲೆ ಬೆರಳಾಡಿಸಿದಳು; ಓದಲು ಬರುತ್ತಿರಲಿಲ್ಲ, ಆದರೆ ಅದು ಎಲ್ಲಿದೆ ಎಂದು ನನ್ನಿಂದ ಕೇಳಿ ತಿಳಿದುಕೊಂಡಿದ್ದಳು. ಆಮೇಲೆ ಗುಳುಗುಳು ನಿಲ್ಲಿಸಿ ಕೂತಿದ್ದ ಕಂಪ್ಯೂಟರಿನ ಕಡೆ ತಿರುಗಿದಳು.

“ನೀವೆಲ್ಲಿ ಹಚ್ಚೀರಿ ಅಕ್ಕೋರ? ಮಿಷನ್ ಹಚ್ಚೈತಿ. ಅದು ಮುತ್ತೈದಿ ಐತೋ ಇಲ್ಲೋ ಯಾರು ಕಂಡಾರ?”

ನನಗೆ ನಗು ಬಂತು, ಜೊತೆಗೆ ಕಣ್ಣಲ್ಲಿ ನೀರೂ ಬಂತು. ಅವಳು ಅದನ್ನು ನೋಡಿಯೂ ನೋಡದವಳಂತೆ ಪತ್ರಿಕೆಗಳನ್ನು ಎರಡು ಗುಂಪು ಮಾಡಿದಳು.

“ಇವಕ್ಕ ಐತಿ, ಇವಕ್ಕ ಇಲ್ಲ. ಬೀಗರು ಹುಳುಕು ಹುಡುಕೋ ಮಂದಿ. ಉಳದವಕ್ಕೂ ಹಚ್ಚಿಬಿಡ್ರಿ, ಬಸ್ಸಿಗೆ ಹೊತ್ತಾಗಾಕತ್ತೈತಿ.”

“ನಾನಾ?”

“ಮತ್ಯಾರು? ನನ್ನ ಕೈ ನೋಡ್ರಿ, ಗದ್ದಿ ಕೆಸರಿಗೆ ಸೀಳ್ಯಾವು. ನಾ ಹಚ್ಚಿದ್ರ ಗೆರಿ ಮೂಡ್ತಾವ. ನಿಮ್ಮವು ಟೈಪ್ ಮಾಡೋ ಬೆರಳು, ಸಣ್ಣಗ ಕೂಡ್ತದ.”

ನಾನು ಅಡುಗೆಮನೆಯಿಂದ ಬಟ್ಟಲು ತಂದು ಅರಿಶಿಣ ಕಲಸಿದೆ. ಅವಳು ಒಂದೊಂದೇ ಪತ್ರಿಕೆ ಮುಂದೆ ಹಿಡಿದಳು, ನಾನು ಮೂಲೆಗೆ ಬೆರಳೊತ್ತಿದೆ. ಅಕ್ಕಪಕ್ಕದವರು ಕಿಟಕಿಯಲ್ಲಿ ನೋಡುತ್ತಿದ್ದರು. ಕಿವಿ ಬಿಸಿಯಾಗಿದ್ದವು ಎಂದೇ ಇಟ್ಟುಕೊಳ್ಳಿ, ಪರೀಕ್ಷಿಸಲು ಪುರುಸೊತ್ತಿರಲಿಲ್ಲ.

ಮರುದಿನ ಪಾಠಕ್ಕೆ ಕೂತಾಗ ನೋಡಿದರೆ, ನನ್ನ ಅರಿಶಿಣದ ಬೆರಳು ತಾಗಿ ಕೀಬೋರ್ಡಿನ ಎಂಟರ್ ಕೀಲಿ ಹಳದಿಯಾಗಿತ್ತು. ಸ್ಪಿರಿಟ್ ಹಾಕಿ ಒರೆಸಿದ್ದರೆ ಹೋಗುತ್ತಿತ್ತು. ಒರೆಸಲಿಲ್ಲ. ಹೊಸದಾಗಿ ಸೇರಿದ ಹುಡುಗಿಯರು “ಈ ಹಳದೀದು ಯಾವುದ್ರಿ ಅಕ್ಕೋರ?” ಎಂದು ಕೇಳಿದಾಗೆಲ್ಲ ನಾನು ಕಾನ್ವೆಂಟಿನ ಉಚ್ಚಾರದಲ್ಲಿ ಅದರ ಹೆಸರು ಹೇಳಿ, ಅರ್ಥವನ್ನೂ ಹೇಳುತ್ತಿದ್ದೆ: “ಒಳಗ ಬರ್ರಿ ಅಂತ.”