ಕೊನೆಯವಳ ಜೊತೆ ಒಂದು ಸುತ್ತು

ಕಾರ್ಲಿಸ್ ಹೌಗೆನ್ ಓಡಲು ಕಲಿತದ್ದು ಅಪ್ಪನ ಹಿಮ ತಳ್ಳುವ ಲಾರಿಯ ಹಿಂದೆ. ಉತ್ತರ ಮಿನೆಸೋಟದ ಗಣಿಯೂರಿನಲ್ಲಿ ಚಳಿಗಾಲಕ್ಕೆ ಬೇರೆ ದಾರಿಯೇ ತೆರೆದಿರುವುದಿಲ್ಲ. ಮಗಳು ಹಿಂದೆ ಬೀಳಬಾರದೆಂದು ಅಪ್ಪ ಬೇಕೆಂದೇ ನಿಧಾನವಾಗಿ ಬಿಡುತ್ತಿದ್ದ. ಅದಕ್ಕೋ ಏನೋ, ಯಾರಾದರೂ ಒಂಟಿಯಾಗಿ ಓಡುವುದನ್ನು ಕಂಡರೆ ಅವಳಿಗೆ ಸಂಕಟವಾಗುತ್ತಿತ್ತು.

ನಮ್ಮ ಕಾಲೇಜಿನ ಓಟಗಾರರಲ್ಲಿ ಎರಡು ಜಾತಿ. ಕಾಲೇಜು ತಂಡದವರಿಗೆ ಕೋಚು, ಬಸ್ಸು, ಹೆಸರು ಹೊಲಿದ ಜಾಕೆಟ್ಟು. ನಾವು ಕ್ಲಬ್ಬಿನವರು, ಅಂದರೆ ಅಲ್ಲಿ ಬೇಡವಾದವರು. ನಮಗೆ ಬಾಡಿಗೆ ವ್ಯಾನು, ಕಡಲೆಕಾಯಿ ಬೆಣ್ಣೆ ಸವರಿದ ಬ್ರೆಡ್ಡು, ಅಧ್ಯಕ್ಷನೆಂಬ ಹೆಸರು ಹೊತ್ತು ವ್ಯಾನು ಓಡಿಸುವ ನಾನು. ಪ್ರತಿ ವರ್ಷ ಕಾರ್ಲಿಸ್ ತಂಡದ ಬಾಗಿಲು ತಟ್ಟುತ್ತಿದ್ದಳು, ಪ್ರತಿ ವರ್ಷ ಕೋಚ್ ಸ್ಟ್ರಾಂಡ್ ತಲೆಯಾಡಿಸಿ ಕಳಿಸುತ್ತಿದ್ದ. ಕೊನೆಯ ವರ್ಷ ಮಾತ್ರ ಒಂದು ಮಾತು ಕೊಟ್ಟ. "ಫೆಬ್ರವರಿ ಮುಗಿಯೋದ್ರೊಳಗೆ ಸರಿಯಾದ ಸ್ಪರ್ಧೆಯಲ್ಲಿ ಒಂದು ಮೈಲೀನ ಐದು ನಿಮಿಷದೊಳಗೆ ಓಡು. ಜಾಕೆಟ್ ನಿಂದು."

ಆಮೇಲೆ ಅವಳಿಗೆ ನಿದ್ದೆಯೂ ಅದೇ, ಊಟವೂ ಅದೇ. "ಗಸ್, ಆಗತ್ತಾ? ನಿಜ ಹೇಳು" ಎಂದು ನನ್ನ ಪ್ರಾಣ ತಿನ್ನುತ್ತಿದ್ದಳು. ಆ ಜಾಕೆಟ್ಟು ಹಾಕಿಕೊಂಡು ಅಪ್ಪನ ಲಾರಿಯ ಮುಂದೆ ನಿಲ್ಲಬೇಕು, ಅಷ್ಟೇ ಅವಳ ಆಸೆ.

ನಮ್ಮ ಕ್ಲಬ್ಬಿಗೊಂದು ಪದ್ಧತಿಯಿದೆ, ಶುರು ಮಾಡಿದವಳು ಅವಳೇ. ಅಭ್ಯಾಸದಲ್ಲಿ ಮೊದಲು ಮುಗಿಸಿದವರು ವಾಪಸ್ ಹೋಗಿ, ಕೊನೆಯವರ ಕೊನೆಯ ಸುತ್ತು ಪಕ್ಕದಲ್ಲೇ ಓಡಬೇಕು. ಆಗ ಹೊಸಬಳಾಗಿದ್ದ ರೊವೀನಾ ಪಿಕ್ ದಿನಾ ಕೊನೆ, ದಿನಾ ವಾಂತಿ. ಕಾರ್ಲಿಸ್ ಅವಳ ಪಕ್ಕದಲ್ಲಿ ಓಡುತ್ತ ಕಿರುಚುತ್ತಿದ್ದಳು, "ಕೈ ಬೀಸೇ ಕತ್ತೆ! ಕಾಲು ತಾನಾಗೇ ಬರತ್ತೆ!" ಅದಿಲ್ಲದಿದ್ದರೆ ರೊವೀನಾ ಒಂದೇ ವಾರಕ್ಕೆ ಓಡಿಹೋಗುತ್ತಿದ್ದಳು. ಈಗ ಅವಳು ಕಾರ್ಲಿಸಳ ಬಾಲ.

ಫೆಬ್ರವರಿಯ ಕೊನೆಯ ಶನಿವಾರ, ಬೇರೆ ಊರಿನಲ್ಲಿ ಅವಳ ಕೊನೆಯ ಅವಕಾಶದ ಸ್ಪರ್ಧೆ. ಒಳಾಂಗಣದ ಒಣಗಾಳಿಗೆ ಎಲ್ಲರಿಗೂ ಕೆಮ್ಮು, ಮೂಗಿಗೆ ರಬ್ಬರ್ ವಾಸನೆ. ಒಂದು ಮೈಲಿಗೆ ಎಂಟು ಸುತ್ತು. ಕೋಚ್ ಸ್ಟ್ರಾಂಡ್ ಗೆರೆಯ ಹತ್ತಿರವೇ ಕೈಕಟ್ಟಿ ನಿಂತಿದ್ದ. ಇದಕ್ಕೂ ಮುಂಚಿನ ಗುಂಪಿನಲ್ಲಿ ಓಡಿ ಮುಗಿಸಿದ್ದ ರೊವೀನಾ ಟ್ರ್ಯಾಕಿನ ಒಳಗಡೆ ಕೂತು ಕೆಮ್ಮುತ್ತಿದ್ದಳು.

ಕಾರ್ಲಿಸ್ ಚೆನ್ನಾಗಿಯೇ ಹೊರಟಳು. ಆದರೆ ಮುಂದಿನವರು ದೂರ ಹೋದರು, ಹಿಂದಿನವರು ಹಿಂದುಳಿದರು, ನಡುವೆ ಇವಳೊಬ್ಬಳೇ ಆದಳು. ಏಳನೇ ಸುತ್ತಿನಲ್ಲಿ ಭುಜ ಕಿವಿಗೇರಿತು. ನನ್ನ ಕೈಯಲ್ಲಿದ್ದ ಗಡಿಯಾರ ನೋಡಿ, ಅಯ್ಯೋ ಹೋಯಿತಲ್ಲ ಅಂದುಕೊಂಡೆ. ಕೊನೆಯ ಸುತ್ತಿನ ಗಂಟೆ ಮೊಳಗಿತು.

ಆಗ ರೊವೀನಾ ಎದ್ದಳು. ಗೆರೆ ದಾಟಿ ಟ್ರ್ಯಾಕಿಗಿಳಿದು ಕಾರ್ಲಿಸಳ ಪಕ್ಕ ಓಡತೊಡಗಿದಳು. "ಕೈ ಬೀಸೇ ಕತ್ತೆ! ಬೀಸೇ!"

"ಹೊರಗೆ ಬಾರೇ, ಪೆದ್ದಿ!" ಎಂದು ನಾನು ಗಂಟಲು ಹರಿಯುವಂತೆ ಕೂಗಿದೆ. ಆ ಗದ್ದಲದಲ್ಲಿ ಯಾರಿಗೆ ಕೇಳಬೇಕು! ತಿರುವಿನಲ್ಲಿದ್ದ ಮುದುಕ ತೀರ್ಪುಗಾರ ನಿಯಮ ಮುರಿಯಿತೆಂದು ಹಳದಿ ಬಾವುಟ ಎತ್ತಿದ. ಕಾರ್ಲಿಸ್ ಅದನ್ನು ನೋಡಲಿಲ್ಲ. ಅವಳ ಕೈ ಬೀಸಿತು, ಕಾಲು ತಾನಾಗಿ ಬಂತು.

ಸಮಯ ತೋರಿಸುವ ಹಲಗೆಯ ಮೇಲೆ ನಾಲ್ಕು ನಿಮಿಷ ಐವತ್ತೊಂಬತ್ತು ಸೆಕೆಂಡು. ಅವಳು ನೆಲಕ್ಕೆ ಬಿದ್ದು ನಕ್ಕಳು, ಅತ್ತಳು, "ಅಪ್ಪಂಗೆ ಫೋನ್ ಮಾಡೋ ಗಸ್!" ಎಂದಳು. ನಾನು ತಿರುವಿನ ಬಾವುಟದ ಕಡೆ ನೋಡಿದೆ. ಅಷ್ಟರಲ್ಲಿ ಮೈಕಿನಲ್ಲಿ ಅವಳ ಹೆಸರು ಬಂತು. ಹೊರಗಿನವರ ನೆರವು ಪಡೆದದ್ದರಿಂದ ಓಟ ರದ್ದು.

ಅವಳು ಎದ್ದುಹೋಗಿ ಕೋಚ್ ಸ್ಟ್ರಾಂಡನ ತೋಳು ಹಿಡಿದುಕೊಂಡಳು. "ಸರ್, ಇನ್ನೊಂದ್ಸಲ ಓಡ್ತೀನಿ. ಈಗ್ಲೇ. ಗಂಡಸರ ಗುಂಪಲ್ಲಾದ್ರೂ ಓಡೋಕೆ ಬಿಡಿಸಿ. ದಮ್ಮಯ್ಯ, ಸರ್."

"ರದ್ದಾದ ಓಟಕ್ಕೆ ಟೈಮೇ ಇಲ್ಲಮ್ಮ. ಮಾತು ಮಾತೇ," ಎಂದ ಅವನು, ಮೆಲ್ಲಗೆ ಅವಳ ಬೆರಳು ಬಿಡಿಸಿ. ಪುಣ್ಯಾತ್ಮ, ಬೈದಿದ್ದರೂ ಚೆನ್ನಾಗಿತ್ತು. ನನಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು.

ರೊವೀನಾ ಗೋಡೆಗೊರಗಿ ನಿಂತಿದ್ದಳು. ಕಾರ್ಲಿಸ್ ಅವಳ ಮುಂದೆ ನಿಂತು, "ನಿನ್ನ ಯಾರೇ ಕರೆದ್ರು? ಹೇಳು, ಯಾರು ಕರೆದ್ರು ನಿನ್ನ?" ಎಂದಳು.

"ನೀನು ಒಬ್ಬಳೇ ಇದ್ದೆ," ಎಂದಳು ರೊವೀನಾ. "ಒಬ್ಬಳೇ ಇದ್ದೆ ಕಣೇ."

ವಾಪಸ್ ಬರುವಾಗ ವ್ಯಾನಿನಲ್ಲಿ ಬರೀ ಕೆಮ್ಮು. ಬ್ರೆಡ್ಡನ್ನು ಯಾರೂ ಮುಟ್ಟಲಿಲ್ಲ.

ಸೋಮವಾರ ಕಾರ್ಲಿಸ್ ಅಭ್ಯಾಸಕ್ಕೆ ಬರಲಿಲ್ಲ. ಆ ದಿನ ಎಲ್ಲರಿಗಿಂತ ಹಿಂದೆ ಬಿದ್ದವಳು ರೊವೀನಾ. ಎರಡು ದಿನದಿಂದ ಅನ್ನ ನೀರು ಬಿಟ್ಟಿದ್ದಳಂತೆ. ಮುಗಿಸಿದವರು ಒಬ್ಬರ ಮುಖ ಒಬ್ಬರು ನೋಡಿದೆವು. ಯಾರಿಗೂ ವಾಪಸ್ ಹೋಗುವ ಧೈರ್ಯ ಬರಲಿಲ್ಲ, ನನಗೂ ಇಲ್ಲ. ಅವಳು ಅಳುತ್ತಾ ಒಂಟಿಯಾಗಿ ಕೊನೆಯ ಸುತ್ತಿಗೆ ಬಂದಳು.

ಬಾಗಿಲು ತೆರೆಯಿತು. ಕ್ಲಬ್ಬಿನ ಅಂಗಿ ವಾಪಸ್ ಕೊಡಲು ಕಾರ್ಲಿಸ್ ಬಂದಿದ್ದಳು, ದಪ್ಪ ಕೋಟು, ಹಿಮದ ಬೂಟು. ಒಂಟಿಯಾಗಿ ಓಡುತ್ತಿದ್ದ ರೊವೀನಾಳನ್ನು ಕಂಡಳು. ಆಮೇಲೆ ಅಂಗಿಯನ್ನು ನನ್ನ ಮೇಲೆ ಎಸೆದು, ಬೂಟುಗಾಲಲ್ಲೇ ಧಡಧಡ ಟ್ರ್ಯಾಕಿಗಿಳಿದು ರೊವೀನಾಳ ಪಕ್ಕಕ್ಕೆ ಹೋದಳು. ಅವಳ ಕಣ್ಣಲ್ಲೂ ನೀರು ಸುರಿಯುತ್ತಿತ್ತು.

"ನಾನು ನಿನ್ನ ಕ್ಷಮಿಸಿಲ್ಲ, ತಿಳ್ಕೊ," ಎಂದಳು. "ಕೈ ಬೀಸೇ."