ಪುಸ್ತಕದಲ್ಲಿಲ್ಲದ ಊಟ

ದೊಡ್ಡಮ್ಮನ ಬೆರಳ ತುದಿಗಳು ಹಿಪ್ಪುನೇರಳೆ ಸೊಪ್ಪಿನ ಕರೆ ಹತ್ತಿ ಸದಾ ಹಸಿರುಗಪ್ಪಾಗಿರುತ್ತಿದ್ದವು. ಎಷ್ಟು ಉಜ್ಜಿದರೂ ಹೋಗದು. ನನ್ನ ಬಳಿ ಉಳಿದಿರುವ ಒಂದು ಮಕ್ಕಳ ಕಾದಂಬರಿಯ ಪುಟಪುಟದಲ್ಲೂ ಆ ಕರೆ ಇದೆ.

ನಾನು ಚಿಕ್ಕವಳಿದ್ದಾಗಲೇ ಅಮ್ಮ ತೀರಿಕೊಂಡಳು. ಸುಗಟೂರಿನಲ್ಲಿ ಒಂಟಿಯಾಗಿ ರೇಷ್ಮೆ ಹುಳು ಸಾಕಿಕೊಂಡಿದ್ದ ಅಮ್ಮನ ಅಕ್ಕ ನನ್ನನ್ನು ಕರೆದುಕೊಂಡು ಬಂದಳು. ದಾರಿಯಲ್ಲಿ, ನಾನು ಅಳು ನಿಲ್ಲಿಸಲೆಂದು, ಕೋಲಾರದ ಬಸ್ ಸ್ಟ್ಯಾಂಡಿನ ಹಳೇ ಪುಸ್ತಕದ ರಾಶಿಯಿಂದ ಆ ಕಾದಂಬರಿ ಕೊಂಡಳು. ಮಂತ್ರಗಾತಿ ಅಜ್ಜಿಯೊಬ್ಬಳ ಶಿಷ್ಯೆಯಾಗಿ ಸೇರಿ, ಕಡ್ಡಿ ಗೀರದೆ ದೀಪ ಹಚ್ಚಲು ಕಲಿಯುವ ಹುಡುಗಿಯ ಕಥೆ. ಎಷ್ಟು ಸಲ ಮಂತ್ರ ಹೇಳಿದರೂ ಪಾಪ, ಅವಳಿಗೆ ಬರುವುದು ಹೊಗೆಯೊಂದೇ.

ಹುಳು ಸಾಕುವ ಮನೆಯಲ್ಲಿ ಓದಲು ಪುರುಸೊತ್ತೆಲ್ಲಿ? ಆದರೆ ಪೊರೆ ಬಿಡುವ ಮುಂಚೆ ಹುಳುಗಳು ತಿನ್ನುವುದು ಬಿಟ್ಟು, ತಲೆಯೆತ್ತಿ ಅಲುಗಾಡದೆ ಕೂರುತ್ತವೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ. ಆಗ ಸೊಪ್ಪು ಹಾಕುವಂತಿಲ್ಲ, ಮುಟ್ಟುವಂತಿಲ್ಲ. ಆ ಬಿಡುವಿನಲ್ಲೇ ಹುಳುಮನೆಯ ಬಾಗಿಲಲ್ಲಿ ಕೂತು ದೊಡ್ಡಮ್ಮ ಪಿಸುದನಿಯಲ್ಲಿ ಓದುತ್ತಿದ್ದಳು. ಹುಳು ಎದ್ದವೋ, ಕಥೆಯಲ್ಲಿ ರಾಕ್ಷಸ ಬಂದು ನಿಂತಿದ್ದರೂ ಸರಿಯೇ, ಪುಸ್ತಕ ಮುಚ್ಚಿ ಸೊಪ್ಪಿಗೆ ಹೊರಡುವಳು.

ಅವಳ ಓದಿನಲ್ಲಿ ಪಾಠ ಮುಗಿದಾಗಲೆಲ್ಲ ಅಜ್ಜಿ ಶಿಷ್ಯೆಗೆ ಮುದ್ದೆ, ಬಸ್ಸಾರು ಬಡಿಸುತ್ತಿದ್ದಳು. ಓದು ಚೆನ್ನಾಗಿ ಬಂದ ಮೇಲೆ ನಾನೇ ಆ ಊಟ ಹುಡುಕಿದೆ. ಇಡೀ ಪುಸ್ತಕದಲ್ಲಿ ಯಾರೂ ಒಂದು ತುತ್ತು ಉಂಡಿರಲಿಲ್ಲ.

"ಸುಳ್ಳು ಓದ್ತಿದ್ಯಾ ದೊಡ್ಡಮ್ಮ?"

"ಬರ್ದೋರಿಗೆ ಮರ್ತೋಗಿರ್ಬೇಕು ಕಣೇ. ಪಾಪಂ, ಬೇರೆಯೋರ ಮನೇಲಿರೋ ಮಗು. ಉಂಡ್ಯಾ ಅಂತ ಒಬ್ರಾದ್ರೂ ಕೇಳ್ಬೇಡ್ವಾ?"

ಕೊನೆಯ ಅಧ್ಯಾಯವನ್ನಂತೂ ಅವಳು ಓದಲೇ ಇಲ್ಲ. "ಮುಂದಿನ ಹುಳದ ಬೆಳೆಗೆ" ಎಂದು ತಪ್ಪಿಸಿಕೊಂಡು ಮತ್ತೆ ಮೊದಲಿಂದ ಶುರು ಮಾಡುವಳು. ಅದರಲ್ಲಿ ಅಜ್ಜಿ ಸಾಯುತ್ತಾಳೆ. ತಾಯಿಯಿಲ್ಲದ ಮಗುವಿಗೆ ಅದನ್ನು ಓದಲು ಅವಳಿಗೆ ಬಾಯಿ ಬರಲಿಲ್ಲ.

ಹೋದ ವರ್ಷ ಅವಳ ಹೊಟ್ಟೆಯಲ್ಲಿ ಗಡ್ಡೆ ಬೆಳೆಯಿತು. ಇನ್ನೇನೂ ಮಾಡುವಂತಿಲ್ಲವೆಂದು ಆಸ್ಪತ್ರೆಯಿಂದ ಮನೆಗೆ ಕಳಿಸಿದರು. ಆಗ ಹುಳು ಜ್ವರಕ್ಕೆ ಕೂತಿದ್ದವು.

"ಪುಸ್ತಕ ತಗೊಂಡ್ ಬಾರೇ. ಕೊನೇದು ಓದು."

"ಬೇಡ ದೊಡ್ಡಮ್ಮ."

"ಓದೇ. ಅಜ್ಜಿ ಹೋಗೋದು ನಂಗೊತ್ತು, ಅಲ್ಲಿಗೇ ಮುಚ್ಚಿಟ್ಬಿಟ್ಟಿದ್ದೆ. ಆಮೇಲೆ ಆ ಹುಡುಗಿ ಗತಿ ಏನಾಯ್ತು, ಅದು ಬೇಕು ನಂಗೆ."

ಓದಿದೆ. ಅಜ್ಜಿ ಹೋದಳು. ಹುಡುಗಿ ಕತ್ತಲಲ್ಲಿ ಒಬ್ಬಳೇ ಕೂತು ಮಂತ್ರ ಹೇಳಿದಳು. ದೀಪ ಹತ್ತಿತು. ಕಥೆ ಅಲ್ಲಿಗೆ ಮುಗಿಯುತ್ತದೆ. ನಾನು ನಿಲ್ಲಿಸಲಿಲ್ಲ. "ಆ ಬೆಳಕಿನಲ್ಲೇ ಮುದ್ದೆ ತಿರುವಿ, ಬಸ್ಸಾರು ಬಿಟ್ಟುಕೊಂಡು, ಹೊಟ್ಟೆ ತುಂಬ ಉಂಡಳು" ಎಂದು ಓದಿದೆ.

ದೊಡ್ಡಮ್ಮ ಕಣ್ಣು ಮುಚ್ಚಿಕೊಂಡೇ ನಕ್ಕಳು. "ಹಂಗಂತ ಬರ್ದವ್ರಾ?"

"ಬರ್ದವ್ರೆ."

"ಸರಿ ಬಿಡು," ಎಂದು ನನ್ನ ಕೈ ಹಿಡಿದುಕೊಂಡಳು.

ಹುಳು ಏಳುವ ಮುಂಚೆಯೇ ಅವಳು ಹೋದಳು. ಆ ಬೆಳೆಗೆ ಪಕ್ಕದ ಮನೆಯವರೇ ಸೊಪ್ಪು ಹಾಕಿದರು. ಕಾರ್ಯ ಮುಗಿದು ನೆಂಟರೆಲ್ಲ ಹೊರಟ ಮೇಲೆ ನಾನು ಒಲೆ ಹಚ್ಚಿ ಮುದ್ದೆ ತಿರುವಿದೆ. ಉಂಡ್ಯಾ ಎಂದು ಕೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ. ಅಳು ತಡೆಯಲಾಗಲಿಲ್ಲ. ಅಳುತ್ತಲೇ ಹೊಟ್ಟೆ ತುಂಬ ಉಂಡೆ.